ಸುಡಲು ಕಳಿಸಿದ ಬಾಗಿಲು

ಜನವರಿ 9

ಮಗಳಿಗೆ,

ಮತ್ತೆ ಅದೇ ಕನಸು ಬಿತ್ತು. ಮೇಲಿನ ಕೋಣೆಯಲ್ಲಿ ಪಾಪುವಿನ ತೊಟ್ಟಿಲು ತೂಗುತ್ತಿದೆ, ತೂಗುವವರು ಯಾರೂ ಇಲ್ಲ. ನಾನು ಕೆಳಗೆ ಕುರ್ಚಿಯೊಂದಕ್ಕೆ ಪಾಲಿಶ್ ಹಚ್ಚುತ್ತಿದ್ದೇನೆ. ನಿಮ್ಮಪ್ಪ ಹಲಗೆಗೆ ಹತ್ತರಿ ಹಿಡಿದು ನುಣುಪು ಮಾಡುತ್ತಿದ್ದಾರೆ, ಹಲಗೆಯ ಆ ತುದಿ ಹೊತ್ತಿ ಉರಿಯುತ್ತಿದೆ. "ರೀ, ಉರೀತಿದೆ" ಅಂದರೆ, "ತಾಳೇ, ಇನ್ನೊಂದು ಎಳೆ ತೆಗೆದ್ರೆ ಸಮ ಆಗುತ್ತೆ" ಅನ್ನುತ್ತಾರೆ. ಎಚ್ಚರವಾದಾಗ ನನ್ನ ಕೈ ನಿಜವಾಗಿಯೂ ಪಾಲಿಶ್ ವಾಸನೆ ಹೊಡೆಯುತ್ತಿತ್ತು. ಅದು ದಿನಾ ಹೊಡೆಯುತ್ತದೆ ಅನ್ನು, ಆದರೂ.

ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ನಿಂತು ನಗುತ್ತಾರೆ. ಕಾಗದ ನಗುವುದಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳ ಬರಹ, ತಪ್ಪಿದ್ದರೆ ಸರಿಮಾಡಿಕೊಂಡು ಓದು.

ಪಾಪುವನ್ನು ನೋಡಿಕೊಳ್ಳುತ್ತಿರುವ ನಿನ್ನ ಪಕ್ಕದ ಮನೆಯಾಕೆ ಜೂನ್‌ನಲ್ಲಿ ಮನೆ ಖಾಲಿ ಮಾಡುತ್ತಾಳೆ. ಅಳಿಯಂದಿರು ರೈಲಿನ ಗಾರ್ಡು, ಮನೆಯಲ್ಲಿರುವುದಕ್ಕಿಂತ ಡಬ್ಬಿಯಲ್ಲಿರುವುದೇ ಹೆಚ್ಚು. ಮಗುವನ್ನು ಇಲ್ಲಿಗೆ ಕಳಿಸು, ನಾನಿದ್ದೇನೆ ಎಂದು ಬಾಯಿಬಿಟ್ಟು ಹೇಳಿದವಳೂ ನಾನೇ. ಹೇಳಿದ ಮೇಲೆ ತಲೆಯೆತ್ತಿ ನೋಡಿದೆ. ನಿಮ್ಮಪ್ಪ ಕಾರ್ಖಾನೆ ಎಂದು ಕರೆಯುವ ನಮ್ಮ ಕೆಳಗಿನ ಕೋಣೆಗೆ ಚಾವಣಿಯೇ ಇಲ್ಲವಲ್ಲೇ, ಇರುವುದು ಮೇಲಿನ ಕೋಣೆಯ ನೆಲಹಲಗೆ ಅಷ್ಟೇ. ಮೇಲೆ ದೀಪ ಹಾಕಿದರೆ ಸಂದಿಯಲ್ಲಿ ಕೆಳಗೆ ಗೆರೆಗೆರೆ ಬೆಳಕು ಬೀಳುತ್ತದೆ. ಬೆಳಕು ಇಳಿಯುವ ಕಡೆ ಬೆಂಕಿ ಹತ್ತುವುದಿಲ್ಲವೇ? ಕೆಳಗೆ ನನ್ನ ಸ್ಪಿರಿಟ್ ಡಬ್ಬ, ಥಿನ್ನರ್, ಮೊಣಕಾಲೆತ್ತರ ಮರದ ಹೊಟ್ಟು. ಒಳಮೆಟ್ಟಿಲಿಗೆ ಬಾಗಿಲಿಲ್ಲ, ಪರದೆ. ಇದರ ಮೇಲೆಯೇ ನಿನ್ನನ್ನು ಬೆಳೆಸಿದೆವು, ಆಗ ಹೆದರಿಕೆ ಎಲ್ಲಿಗೆ ಹೋಗಿತ್ತೋ.

ಮೇಲಿನ ಕೋಣೆ ಭದ್ರವಾಗುವ ತನಕ ಪಾಪು ಇಲ್ಲಿಗೆ ಬರುವುದು ಬೇಡ. ಬರದಿದ್ದರೆ ನೀನು ಕೆಲಸ ಬಿಡಬೇಕಾಗುತ್ತದೆ, ಅದೂ ಬೇಡ. ದಿನಬೆಳಗಾದರೆ ಬಾಗಿಲು, ಗೋಡೆ ಸುಟ್ಟು ಪರೀಕ್ಷೆ ಮಾಡುವವಳು ನೀನು. ಏನು ಹಾಕಿಸಲಿ, ಬಿಡಿಸಿ ಬರೆ. "ಅರ್ಧ ಇಂಚು ಮಗುವಿಗೆ ಇಷ್ಟು ಗಲಾಟೆಯಾ" ಎನ್ನುತ್ತಿದ್ದಾರೆ ನಿಮ್ಮಪ್ಪ. ಮೊಮ್ಮಗನಿಗೆ ಅವರಿಟ್ಟ ಹೆಸರು ಅದು, ಅರ್ಧ ಇಂಚು.

ನಿದ್ದೆಗೆಟ್ಟ
ಅಮ್ಮ


ಜನವರಿ 22

ಅಮ್ಮಾ,

ನಿನ್ನ ಕನಸಿನಲ್ಲಿ ತಪ್ಪೇನೂ ಇಲ್ಲ. ತಪ್ಪು ಚಾವಣಿಯಲ್ಲಿದೆ.

ಮೊದಲು ಸ್ಪಿರಿಟ್, ಥಿನ್ನರ್ ಎರಡನ್ನೂ ಮನೆಯಿಂದ ಹೊರಗೆ ಹಾಕು. ಹಿತ್ತಲಿನಲ್ಲಿ ಇಟ್ಟಿಗೆಯದೊಂದು ಗೂಡು ಕಟ್ಟಿಸಿ ಅಲ್ಲಿಡು, ಅಂದಂದಿನ ಕೆಲಸಕ್ಕೆ ಬೇಕಾದಷ್ಟು ಮಾತ್ರ ಒಳಗೆ ತಾ. ಹೊಟ್ಟನ್ನು ದಿನಾ ಗುಡಿಸಬೇಕು, ಅಪ್ಪ ಗೊಣಗಿದರೂ ಸರಿ.

ಚಾವಣಿಗೆ, ತೊಲೆಗಳ ನಡುವೆ ಕಲ್ಲಿನ ಹತ್ತಿ ತುಂಬಿಸು. ಕಲ್ಲು ಕರಗಿಸಿ ಎಳೆ ತೆಗೆದು ಮಾಡಿದ ಹಾಸು ಅದು, ಅಂಗಡಿಯಲ್ಲಿ ರಾಕ್‌ವೂಲ್ ಎಂದರೆ ಕೊಡುತ್ತಾರೆ. ಅದರ ಕೆಳಗೆ ಜಿಪ್ಸಮ್ ಬೋರ್ಡ್, ಒಂದಲ್ಲ, ಎರಡು ಪದರ. ಮೊದಲ ಪದರದ ಸಂದಿ ಎರಡನೆಯದರ ಸಂದಿಗೆ ಸರಿಯಾಗಿ ಬರಬಾರದು. ಚಂದ ಕಾಣುತ್ತದೆಂದು ಪ್ಲಾಸ್ಟಿಕ್ ಹಾಳೆ, ಅಗ್ಗವೆಂದು ಥರ್ಮೊಕೋಲ್ ತಲೆಗೆ ಕಟ್ಟಲು ನೋಡುತ್ತಾರೆ, ಬೇಡ. "ಇದು ಫೈರ್‌ಪ್ರೂಫ್" ಅಂದರೆ "ಎಷ್ಟು ಹೊತ್ತು?" ಎಂದು ಕೇಳು. ನಾವು ಪರೀಕ್ಷೆ ಮಾಡುವ ಕುಲುಮೆಯ ಮುಂದೆ ಎಲ್ಲವೂ ಯಾವಾಗಲೋ ಒಮ್ಮೆ ಸೋಲುತ್ತದೆ. ಮಗುವನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿಳಿದು ಬೀದಿ ಸೇರುವಷ್ಟು ಹೊತ್ತು ಸೋಲದಿದ್ದರೆ ಅದು ನಮ್ಮ ಕೆಲಸಕ್ಕೆ ಬಂದಂತೆ.

ಒಳಮೆಟ್ಟಿಲ ಬುಡಕ್ಕೆ ಬಾಗಿಲು. ಇದನ್ನು ಅಪ್ಪನೇ ಮಾಡಲಿ, ದಪ್ಪ ಗಟ್ಟಿ ಮರದಲ್ಲಿ. ಮರದಿಂದ ಬೆಂಕಿ ತಡೆಯುವುದೇ ಎಂದು ನಗುತ್ತಾರೆ, ನಗಲಿ. ತೆಳು ಮರ ಉರಿದುಹೋಗುತ್ತದೆ. ದಪ್ಪ ಮರದ ಮುಖ ಮೊದಲು ಕರಕಲಾಗುತ್ತದೆ, ಆ ಕರಕಲೇ ಒಳಗಿನ ಮರವನ್ನು ಕಾಪಾಡುತ್ತದೆ. ಬಾಗಿಲು ಸೋಲುವುದು ಬಹಳ ಸಲ ಅಂಚಿನ ಸಂದಿಯಲ್ಲಿ. ಅದಕ್ಕೆ ಅಂಚಿನ ಸುತ್ತ ಸಣ್ಣ ಕಾಲುವೆ ತೋಡಿ ಒಂದು ಪಟ್ಟಿ ಕೂರಿಸಬೇಕು. ಬಿಸಿ ತಾಗಿದರೆ ಅದು ನೊರೆಯ ಹಾಗೆ ಉಬ್ಬಿ ಸಂದಿ ಮುಚ್ಚುತ್ತದೆ. ಪಟ್ಟಿ, ಬಾಗಿಲನ್ನು ತಾನಾಗಿ ಮುಚ್ಚಿಸುವ ತೋಳು, ಎರಡನ್ನೂ ನಿನ್ನ ಅಳಿಯನ ಕೈಯಲ್ಲಿ ಕಳಿಸುತ್ತೇನೆ.

ಪಾಪು ಮಗ್ಗುಲು ಮಗುಚಿದ. ಪಕ್ಕದ ಮನೆಯಾಕೆ ನೋಡಿದಳು, ನಾನಿರಲಿಲ್ಲ.

ನಿನ್ನ
ಮಗಳು


ಫೆಬ್ರವರಿ 16

ಮಗಳೇ,

ಮಗ್ಗುಲು ಮಗುಚಿದನೆಂದು ಒಂದೇ ಸಾಲು ಬರೆದು ಮುಗಿಸಿದ್ದೀಯಲ್ಲ. ಎಡಕ್ಕೋ ಬಲಕ್ಕೋ? ಇರಲಿ, ನೀನು ನೋಡಿಲ್ಲವಲ್ಲ, ಕೇಳಬಾರದಿತ್ತು.

ಚಾವಣಿ ಸಾಮಾನಿಗೆ ಹೋಗಿದ್ದೆವು. ಅಂಗಡಿಯವನು ಹೂಬಳ್ಳಿ ಇರುವ ಪ್ಲಾಸ್ಟಿಕ್ ಹಾಳೆ ಹರಡಿದ. ನಿಮ್ಮಪ್ಪನ ಕಣ್ಣು ಅದಕ್ಕೇ ಅಂಟಿಕೊಂಡಿತು. ನಾನು ಚೀಲದಿಂದ ಬೆಂಕಿಪೊಟ್ಟಣ ತೆಗೆದೆ.

"ಏನಕ್ಕಾ ಮಾಡ್ತಿದ್ದೀರಿ?"

"ಒಂದೊಂದು ಚೂರು ಕೊಡಪ್ಪ, ಸುಟ್ಟು ನೋಡ್ತೀನಿ."

"ಬಟ್ಟೆ ಅಂಗಡೀಲೂ ಹೀಗೇ ಹರಿದು ನೋಡ್ತೀರಾ?"

"ಹರಿಯೋದಿಲ್ಲ, ಎಳೆದು ನೋಡ್ತೀನಿ."

ನಿಮ್ಮಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಬಣ್ಣದ ಡಬ್ಬಗಳನ್ನು ನೋಡುವವರ ಹಾಗೆ ನಿಂತುಬಿಟ್ಟರು. ಯಾರೋ ಏನೋ, ನನಗೂ ಇವಳಿಗೂ ಸಂಬಂಧವಿಲ್ಲ ಎನ್ನುವ ಹಾಗೆ.

ಅಂಗಡಿಯ ಹಿಂದಿನ ಬಯಲಿನಲ್ಲಿ ತಗಡು ಇಟ್ಟು ಸುಟ್ಟೆ. ಹೂಬಳ್ಳಿ ಹಾಳೆ ಕರಗಿ ತೊಟತೊಟ ಸುರಿಯಿತು, ಹೊಗೆ ಕಪ್ಪಗೆ, ಗಂಟಲು ಹಿಡಿದುಹೋಯಿತು. ಥರ್ಮೊಕೋಲ್ ಅಂತೂ ಕಡ್ಡಿ ಹತ್ತಿರ ಹೋಗುವ ಮೊದಲೇ ಕುಗ್ಗಿ ಮಾಯ, ಸಾಲ ಕೊಟ್ಟವನನ್ನು ಕಂಡವನ ಹಾಗೆ. ನಿನ್ನ ಜಿಪ್ಸಮ್ ಬೋರ್ಡಿನ ಮೇಲಿನ ಕಾಗದ ಕರ್ರಗಾಯಿತು, ಅಷ್ಟೇ. ಕಲ್ಲಿನ ಹತ್ತಿಗೆ ಮೂರು ಕಡ್ಡಿ ಗೀರಿದೆ, ಏನೂ ಆಗಲಿಲ್ಲ. ಅಂಗಡಿಯವನು ಕೆಮ್ಮುತ್ತಾ ಕೇಳಿದ, "ಅಕ್ಕಾ, ನೀವು ಮನೆ ಕಟ್ತಿದ್ದೀರೋ ಒಲೆ ಕಟ್ತಿದ್ದೀರೋ?"

"ಒಲೆ ಮೇಲೆ ಮನೆ ಕಟ್ಟಿಕೊಂಡು ಕೂತಿದ್ದೀನಪ್ಪ, ಅದಕ್ಕೇ" ಅಂದೆ.

ಈಗ ಆ ಬೀದಿಯಲ್ಲಿ ನನ್ನ ಹೆಸರು ಬೆಂಕಿಪೊಟ್ಟಣದಮ್ಮ. ಆಗಲಿ.

ಹತ್ತಿ ತುಂಬಿಸಿ ಎರಡು ಪದರವೂ ಹೊಡೆಸಿ ಆಯಿತು. ಎರಡನೆಯದರ ಸಂದಿ ಮೊದಲನೆಯದರ ಮೇಲೆ ಬಂದೀತೆಂದು ನಾನು ಮೊದಲ ಪದರದ ಸಂದಿಗೆಲ್ಲ ಸೀಮೆಸುಣ್ಣದ ಗೆರೆ ಎಳೆದು, ಕೆಲಸದವರ ಏಣಿಯ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಅದರಲ್ಲೊಬ್ಬ ಕೇಳಿದ, "ಅಮ್ಮಾ, ನಾವು ಬೀಳ್ತೀವಿ ಅಂತ ಹಿಡಿಯೋಕೆ ಕೂತಿದ್ದೀರಾ?" ಸ್ಪಿರಿಟ್ಟಿಗೆ ಇಟ್ಟಿಗೆ ಗೂಡೂ ಆಯಿತು.

ಬಾಗಿಲನ್ನು ನಿಮ್ಮಪ್ಪ ಹಳೆ ತೊಲೆಯ ಮರದಲ್ಲಿ ಮಾಡಿದ್ದಾರೆ. ಎತ್ತಿ ನಿಲ್ಲಿಸಲು ನಾಲ್ಕು ಜನ ಬೇಕಾಯಿತು. ಪಟ್ಟಿ ಕೂರಿಸಿದ್ದಾರೆ, ತೋಳೂ ಹಾಕಿದ್ದಾರೆ, ಬಿಟ್ಟರೆ ಬಂದು ಮೆತ್ತಗೆ ಮುಚ್ಚಿಕೊಳ್ಳುತ್ತದೆ. ನೋಡಲು ಬಹಳ ಗಟ್ಟಿ ಕಾಣುತ್ತದೆ. ಕಾಣುವುದಕ್ಕೂ ಇರುವುದಕ್ಕೂ ವ್ಯತ್ಯಾಸವಿದೆಯಲ್ಲ, ಅದೇ ಯೋಚನೆ. ಬೋರ್ಡಿನ ಚೂರು ಸುಟ್ಟು ನೋಡಿದೆ, ಹತ್ತಿಯ ಚೂರು ಸುಟ್ಟು ನೋಡಿದೆ. ಬಾಗಿಲಿನ ಚೂರು ಯಾರನ್ನು ಕೇಳಲಿ?

ಇಂತು
ಬೆಂಕಿಪೊಟ್ಟಣದಮ್ಮ


ಮಾರ್ಚ್ 3

ಅಮ್ಮಾ,

ಚೂರು ಬೇಡ, ಇಡೀ ಬಾಗಿಲನ್ನೇ ಕಳಿಸು.

ನಮ್ಮ ಕುಲುಮೆಯ ಒಳಗಿನ ಇಟ್ಟಿಗೆಯನ್ನೆಲ್ಲ ಬದಲಾಯಿಸುತ್ತಿದ್ದಾರೆ. ಕೆಲಸ ಮುಗಿದ ಮೇಲೆ ಸರಿಯಾಗಿ ಕಾಯುತ್ತದೋ ಇಲ್ಲವೋ ನೋಡಲು ಯಾವುದಾದರೂ ಬಾಗಿಲನ್ನು ಇಟ್ಟು ಒಂದೆರಡು ಸಲ ಉರಿಸಬೇಕು. ಅಪ್ಪನ ಬಾಗಿಲನ್ನು ಇಡೋಣವೇ ಎಂದು ಮೇಲಿನವರನ್ನು ಕೇಳಿದೆ, ಒಪ್ಪಿದರು. ಮನೆಯಲ್ಲಿರುವುದರ ತದ್ರೂಪು ಇನ್ನೊಂದು ಮಾಡಬೇಕು. ಮರ, ದಪ್ಪ, ಬಿಜಾಗರಿ, ಎಲ್ಲ ಅದೇ. ಇನ್ನೊಂದು ಕಟ್ಟು ಪಟ್ಟಿಯೂ ಕಳಿಸುತ್ತಿದ್ದೇನೆ.

ಸುಡುವಾಗ ತಣ್ಣಗಿನ ಬದಿಯಲ್ಲಿ ನಿಂತು ಸಂದಿಯ ಹತ್ತಿರ ಹತ್ತಿಯ ಉಂಡೆ ಹಿಡಿಯುತ್ತೇವೆ. ಹತ್ತಿ ಹೊತ್ತಿಕೊಂಡರೆ ಬಾಗಿಲು ಸೋತಂತೆ. ಅರ್ಧ ಗಂಟೆ ಹೊತ್ತಿಕೊಳ್ಳದಿದ್ದರೆ ನನಗೆ ಸಾಕು, ನಿನಗೂ ಸಾಕಾಗಬೇಕು.

ಅಪ್ಪ ಒಪ್ಪುತ್ತಾರಾ?

ನಿನ್ನ
ಮಗಳು


ಮಾರ್ಚ್ 20

ಮಗಳೇ,

ಒಪ್ಪಿದರು. ಆದರೆ ಎರಡು ದಿನ ಮರದ ರಾಶಿಯ ಸುತ್ತ ಸುತ್ತಿದ ಮೇಲೆ.

"ಬಾಗಿಲು ತೆಗೆಯೋಕೆ ಮಾಡ್ತಾರೆ, ಮುಚ್ಚೋಕೆ ಮಾಡ್ತಾರೆ. ಸುಡೋಕೆ ಮಾಡಿಸಿಕೊಂಡವರು ಯಾರೂ ಇರಲಿಲ್ಲ, ನನ್ನ ಮಗಳೇ ಮೊದಲು" ಅಂದರು. ನಾನು, ಅರ್ಧಂಬರ್ಧ ಮಾಡಿಬಿಡಿ, ಸುಡುವ ಬಾಗಿಲಿಗೆ ನುಣುಪು ಯಾಕೆ ಎಂದೆ. ನನ್ನನ್ನು ನೋಡಿದ ನೋಟ ನೀನು ನೋಡಬೇಕಿತ್ತು. ಮನೆಯದ್ದಕ್ಕಿಂತ ಇದಕ್ಕೇ ಹೆಚ್ಚು ದಿನ ತೆಗೆದುಕೊಂಡರು. ಒಳಬದಿಗೂ ಹತ್ತರಿ ಹೊಡೆದಿದ್ದಾರೆ, ಬೆಂಕಿ ಬಂದು ಸವರಿ ನೋಡಲಿ ಎಂದೋ ಏನೋ.

ನಾನೂ ನನ್ನ ಕೈಲಾದದ್ದು ಮಾಡಿದ್ದೇನೆ. ನಿಮ್ಮ ಕಚೇರಿಯವರೆಲ್ಲ ನೋಡುವ ಬಾಗಿಲು, ಬೋಳಾಗಿ ಹೋಗಬಾರದೆಂದು ಎರಡು ಕೈ ಪಾಲಿಶ್ ಹಚ್ಚಿದೆ. ಒಂದು ಉಳಿತಾಯವನ್ನೂ ಮಾಡಿದ್ದೇನೆ, ಅದನ್ನು ನೀನು ಬಂದಾಗ ತೋರಿಸುತ್ತೇನೆ, ಮೆಚ್ಚಿಕೊಳ್ಳುತ್ತೀಯ. ನಿಮ್ಮಪ್ಪನಿಗೂ ಹೇಳಿಲ್ಲ.

ಲಾರಿ ಹೊರಟಾಗ ಇವರು ಹಗ್ಗ ಬಿಗಿ ಇದೆಯಾ ಎಂದು ಎಳೆದು ನೋಡಿದರು, ಮತ್ತೆ ಹೋಗಿ ಎಳೆದು ನೋಡಿದರು. ನನ್ನ ಗಾಳಿ ಅವರಿಗೂ ಬಡಿಯಿತೇನೋ.

ಕಾಯುತ್ತಿರುವ
ಅಮ್ಮ


ಏಪ್ರಿಲ್ 6

ಅಮ್ಮಾ,

ಅಪ್ಪನಿಗೆ ಓದಿ ಹೇಳುವ ಮೊದಲು ನೀನೊಬ್ಬಳೇ ಓದಿಕೊ.

ಬಾಗಿಲು ನಿಲ್ಲಲಿಲ್ಲ. ಅರ್ಧ ಗಂಟೆಯ ಮಾತಿರಲಿ, ಕುಲುಮೆ ನೋಡಿಕೊಳ್ಳುವ ಅಣ್ಣ ತಂದಿಟ್ಟ ಚಹಾ ಆರುವುದರೊಳಗೆ ಅಂಚಿನಲ್ಲಿ ಹೊಗೆ ಬಂತು, ಹಿಂದೆಯೇ ಕೆಂಪಗೆ ಒಂದು ಗೆರೆ. ಹತ್ತಿ ಹಿಡಿದವಳು ನಾನೇ. ಹೊತ್ತಿಕೊಂಡಿತು.

ಬಾಗಿಲನ್ನು ಚೌಕಟ್ಟಿಗೆ ಏರಿಸುವ ದಿನ ಪಾಪುವಿಗೆ ಜ್ವರವಿತ್ತು, ನಾನಿರಲಿಲ್ಲ. ಆ ಅಣ್ಣನೇ ಕೂರಿಸಿದ್ದರು, ಅಂಚು ನಯವಾಗಿತ್ತು, ಇಂಥ ಕೆಲಸ ನೋಡಿಲ್ಲ ಎಂದರು. ಆರಿಸಿದ ಮೇಲೆ ಬಾಗಿಲ ನಡುಭಾಗ ನೋಡಿದೆ, ಗಟ್ಟಿಯಾಗಿಯೇ ಇದೆ. ಅಪ್ಪನ ಮರದಲ್ಲಿ ದೋಷವಿಲ್ಲ. ಅಂಚು ಮಾತ್ರ ಸುತ್ತ ಸುಟ್ಟುಹೋಗಿದೆ. ಪಟ್ಟಿ ಉಬ್ಬಿದ್ದರೆ ಬೂದು ನೊರೆಯ ಹಾಗೆ ಉಳಿಯಬೇಕಿತ್ತು. ಗುರುತೇ ಇಲ್ಲ. ನಾನು ಕಳಿಸಿದ ಪಟ್ಟಿಯೇ ಕೆಟ್ಟದ್ದಿರಬೇಕು. ಹಾಗಿದ್ದರೆ ಮನೆಯ ಬಾಗಿಲಿಗೆ ಹಾಕಿರುವುದೂ ಅದೇ ಪಟ್ಟಿ.

ಜೂನ್‌ಗೆ ಪಾಪುವನ್ನು ಕಳಿಸಲಾರೆ. ಕೆಲಸ ಬಿಡುತ್ತೇನೆಂದು ಮುಂದಿನ ತಿಂಗಳು ಹೇಳಿಬಿಡುತ್ತೇನೆ. ಬೇಜಾರಿಲ್ಲ. ಇವನು ಕೂರಲು ಕಲಿಯುವುದನ್ನಾದರೂ ನೋಡಬಹುದು.

ನಿನ್ನ
ಮಗಳು


ಏಪ್ರಿಲ್ 12

ಮಗಳಿಗೆ,

ನಿನ್ನ ಕಾಗದ ನಿಮ್ಮಮ್ಮ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದಳು. ಸಿಕ್ಕಿತು, ಓದಿದೆ.

ಮೊದಲು ಬಿಟ್ಟುಕೊಟ್ಟದ್ದು ಯಾವ ಕಡೆ? ಬಿಜಾಗರಿ ಕಡೆಯೋ ಚಿಲಕದ ಕಡೆಯೋ? ಅಷ್ಟು ತಿಳಿಸು.

ಕೆಲಸ ಬಿಡಬೇಡ. ಇನ್ನೊಂದು ಮಾಡುತ್ತೇನೆ. ಅದೂ ಸುಟ್ಟರೆ ಮತ್ತೊಂದು. ಮರವಿದೆ.

ಅಪ್ಪ


ಏಪ್ರಿಲ್ 15

ಮಗಳೇ,

ಕೆಲಸ ಬಿಡುತ್ತೇನೆಂದು ಇನ್ನೂ ಹೇಳಿಲ್ಲ ತಾನೇ? ಹೇಳಿದ್ದರೆ ಹೋಗಿ ಇಲ್ಲವೆಂದು ಹೇಳು. ಮೊದಲು ಇದನ್ನು ಓದು.

ನಿನ್ನ ಕಾಗದ ಓದಿದಾಗಿನಿಂದ ಇವರು ಇವರಲ್ಲ. ಇವರು ಒಪ್ಪಿಕೊಂಡಿದ್ದ ಕಪಾಟಿನ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದುಬಿಟ್ಟರು. ಮೆಟ್ಟಿಲ ಬಾಗಿಲ ಮುಂದೆ ಕೂತು ಅದರ ಅಂಚನ್ನು ಬೆರಳಿನಲ್ಲಿ ಸವರುವುದು, ಏಳುವುದು, ಮತ್ತೆ ಬಂದು ಕೂರುವುದು. ನಾನು ಚಹಾ ತಂದಿಟ್ಟರೆ "ಹೂಂ" ಅಷ್ಟೇ. ಇವರು ನನ್ನನ್ನು ಗೇಲಿ ಮಾಡದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನಿನ್ನೆ ನಿನ್ನ ಕಾಗದವನ್ನು ಮತ್ತೆ ಓದಲು ಕೂತೆ. ಮೊದಲ ಸಲ ಓದಿದಾಗ ಹತ್ತಿ ಹೊತ್ತಿಕೊಂಡಿತು ಎನ್ನುವಲ್ಲಿಗೆ ಕಣ್ಣು ಮಂಜಾಗಿ ಮುಂದಿನದು ತಲೆಗೆ ಹತ್ತಿರಲಿಲ್ಲ. ಈಗ ನಿಧಾನವಾಗಿ ಅಕ್ಷರ ಕೂಡಿಸಿಕೊಂಡು ಹೋದೆ. ಪಟ್ಟಿಯ ಗುರುತೇ ಇಲ್ಲ ಎಂದು ಬರೆದಿದ್ದೀಯ. ಎದ್ದು ನಿಂತೆ. ಗುರುತು ಹೇಗೆ ಇರುತ್ತದೆ? ಪಟ್ಟಿ ನನ್ನ ಕಬ್ಬಿಣದ ಬೀರುವಿನಲ್ಲಿದೆ. ಪಾಪುವಿಗೆಂದು ತೊಳೆದಿಟ್ಟ ಬಟ್ಟೆಗಳ ಕೆಳಗೆ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಅದೇ ಕಣೇ ನನ್ನ ಉಳಿತಾಯ. ಬಾಗಿಲು ಹೇಗೂ ಸುಟ್ಟುಹೋಗುತ್ತದೆ, ಹೊಸ ಪಟ್ಟಿ ಯಾಕೆ ಹಾಳಾಗಬೇಕು, ಮನೆಯ ಬಾಗಿಲಿನದು ಸವೆದರೆ ಬದಲಿಗೆ ಬರುತ್ತದೆ ಎಂದು ಇವರು ಲಾರಿ ಗೊತ್ತುಮಾಡಲು ಹೋದಾಗ ಬಿಡಿಸಿಕೊಂಡೆ. ಅಂಚಿನ ಕಾಲುವೆ ಖಾಲಿ ಕಾಣಬಾರದೆಂದು ತೆಳ್ಳಗೆ ಮರದ ಕಡ್ಡಿ ಸೀಳಿ, ಕೂರಿಸಿ, ಪಾಲಿಶ್ ಹಚ್ಚಿ ಒಂದೇ ಬಣ್ಣ ಮಾಡಿದೆ. ಆ ಅಣ್ಣನನ್ನು ಬೈಯಬೇಡ, ಅವರಿಗೆ ಗೊತ್ತಾಗದ ಹಾಗೆ ಕೂರಿಸಿದವಳು ನಾನು.

ಗಂಟನ್ನು ತೆಗೆದುಕೊಂಡು ಇವರ ಮುಂದೆ ಹೋಗಿ ನಿಂತೆ.

"ರೀ, ಪಟ್ಟಿ ಕೆಟ್ಟದ್ದಲ್ಲ."

"ನಿನಗೆ ಹೇಗೆ ಗೊತ್ತು?"

"ಇಲ್ಲೇ ಇದೆ."

ಬಿಡಿಸಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಪಟ್ಟಿ ನೋಡಿದರು. "ಬೆಂಕಿ ತಡೆಯುತ್ತಾ ಅಂತ ನೋಡೋಕೆ ಕಳಿಸಿದ ಬಾಗಿಲಿಂದ ಬೆಂಕಿ ತಡೆಯೋದನ್ನೇ ತೆಗೆದಿಟ್ಟೆಯಾ?"

"ಹೇಗೂ ಸುಟ್ಟೋಗುತ್ತಲ್ಲ ಅಂತ."

ಹಲಗೆಯ ರಾಶಿಯ ಮೇಲೆ ಕೂತು ಮುಖ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದರೆ ನಗು ಕಣೇ, ಉಸಿರು ಸಿಕ್ಕದ ಹಾಗೆ ನಗು. "ನೀನು ಐದನೇ ಕ್ಲಾಸು ಪಾಸಾಗದೆ ಇದ್ದದ್ದು ಯಾಕೆ ಅಂತ ಇವತ್ತು ಗೊತ್ತಾಯ್ತು. ಪರೀಕ್ಷೇಲಿ ಶಾಯಿ ಖರ್ಚಾಗುತ್ತೆ ಅಂತ ಪೆನ್ನಿನ ಮುಚ್ಚಳ ತೆಗೆದಿರೋದಿಲ್ಲ."

ನಗಲಿ, ಇನ್ನೊಂದು ತಿಂಗಳು ನಕ್ಕರೂ ನಾನು ಸುಮ್ಮನಿರುತ್ತೇನೆ. ಆಗಲೇ ಎದ್ದು ಮೂರನೆಯ ಬಾಗಿಲಿಗೆ ಮರ ಅಳೆಯುತ್ತಿದ್ದಾರೆ. ನಿಮ್ಮ ಕುಲುಮೆ ಇನ್ನೊಂದು ಸಲ ಉರಿಯುತ್ತದೆ ಎಂದಿದ್ದೆಯಲ್ಲ, ಆ ಜಾಗವನ್ನು ಹಿಡಿದಿಡು. ಪಟ್ಟಿ ಹಾಕಿದ ಮೇಲೆ ಈ ಸಲ ಇವರೇ ಕಾವಲು ಕೂರುತ್ತಾರಂತೆ. ಲಾರಿ ಹೊರಡುವ ತನಕ ನಾನು ಬಾಗಿಲಿನ ಹತ್ತಿರ ಸುಳಿಯಬಾರದೆಂದು ಅಪ್ಪಣೆಯಾಗಿದೆ.

ತಲೆ ತಗ್ಗಿಸಿ,
ನಿನ್ನ ಅಮ್ಮ


ಮೇ 21

ಅಮ್ಮಾ,

ಕಾಗದವನ್ನು ಕೆಲಸದ ಜಾಗದಲ್ಲೇ ಓದಿದ್ದು ತಪ್ಪಾಯಿತು. ನಾನು ನಗುವುದನ್ನು ನೋಡಿ ಎಲ್ಲರೂ ಸುತ್ತ ಸೇರಿದರು, ಓದಿ ಹೇಳಲೇಬೇಕಾಯಿತು. ಕುಲುಮೆಯಣ್ಣ ಈ ಸಲ ಬಾಗಿಲನ್ನು ಏರಿಸುವ ಮೊದಲು ಅಂಚಿನ ಸುತ್ತ ಉಗುರು ಒತ್ತಿ ನೋಡಿದರು. "ನಿಮ್ಮ ತಾಯಿಯವರ ಕೈ ಬಿದ್ದಿಲ್ಲ ತಾನೇ?" ಎಂದು ಮೂರು ಸಲ ಕೇಳಿದರು.

ನಿನ್ನೆ ಉರಿಸಿದೆವು. ಸ್ವಲ್ಪ ಹೊತ್ತಿಗೆ ಅಂಚಿನಲ್ಲಿ ಹೊಗೆ ಬಂತು, ನಾನು ಹತ್ತಿಯನ್ನು ಸಂದಿಗೆ ಇನ್ನೂ ಹತ್ತಿರ ಹಿಡಿದೆ. ಆಮೇಲೆ ಪಟ್ಟಿ ಉಬ್ಬಿ, ಸಂದಿ ಮುಚ್ಚಿ, ಹೊಗೆ ತಾನಾಗಿ ನಿಂತಿತು. ಅರ್ಧ ಗಂಟೆ ದಾಟಿತು. ಹತ್ತಿ ಬೆಳ್ಳಗೇ ಇತ್ತು. ಇನ್ನೂ ಬಿಟ್ಟೆವು. ಕೊನೆಗೆ ಬಾಗಿಲು ಸೋಲುವ ಮೊದಲು ನಮ್ಮವರಿಗೆ ಊಟದ ಹೊತ್ತಾಯಿತು, ಆರಿಸಿದರು.

ಒಳಮುಖವೆಲ್ಲ ಇದ್ದಿಲು. ಹೊರಗೆ ಅಪ್ಪ ಅಳತೆಗೆ ಎಳೆದ ಪೆನ್ಸಿಲ್ ಗೆರೆ ಹಾಗೇ ಇತ್ತು. ಅದರ ಮೇಲೆ ಕೈಯಿಟ್ಟೆ. ಜ್ವರವಿಲ್ಲದ ಮಗುವಿನ ಹಣೆಯಷ್ಟೇ ಬೆಚ್ಚಗಿತ್ತು, ಅಮ್ಮಾ.

ಜೂನ್ ಮೊದಲ ವಾರ ಪಾಪುವೂ ನಾನೂ ಬರುತ್ತೇವೆ. ನಾಲ್ಕು ದಿನವಿದ್ದು ನಾನು ಒಬ್ಬಳೇ ಹಿಂದಿರುಗುತ್ತೇನೆ. ಅದರ ಬಗ್ಗೆ ಈಗ ಬರೆಯುವುದಿಲ್ಲ.

ನಿನ್ನ
ಮಗಳು


ಆಗಸ್ಟ್ 24

ಮಗಳೇ,

ಹೋದ ವಾರ ನೀನು ಬಂದು ಹೋದ ಮೇಲೆ ಪಾಪು ಒಂದು ಹೊತ್ತು ಸಪ್ಪಗಿದ್ದ, ಆಮೇಲೆ ಸರಿಹೋದ. ನೀನೂ ಸರಿಹೋಗು. ತಿಂಗಳಿಗೆರಡು ಸಲ ಬರುವವಳನ್ನು ಮಗು ಮರೆಯುವುದಿಲ್ಲ. ನಿನ್ನ ಹಳೆ ರವಿಕೆ ಕಂಡರೂ ಕೈ ಚಾಚುತ್ತಾನೆ.

ಮಧ್ಯಾಹ್ನ ಮೇಲೆ ಮಲಗಿಸುತ್ತೇನೆ. ಕೆಳಗೆ ಇವರು ಮೊಳೆ ಹೊಡೆದರೂ ಮಗು ಮಿಸುಕುವುದಿಲ್ಲ, ಕಲ್ಲಿನ ಹತ್ತಿ ಸದ್ದನ್ನೂ ನುಂಗುತ್ತದೆ. ಹಾಗೆಯೇ ಅವನು ಮೇಲೆ ಅತ್ತರೆ ನನಗೂ ಕೇಳುವುದಿಲ್ಲ. ಅದಕ್ಕೆ ಅವನು ಎದ್ದಿರುವಾಗ ಅವನನ್ನು ಇವರಿಗೆ ಒಪ್ಪಿಸಿ ಹಿತ್ತಲಿನಲ್ಲಿ ಪಾಲಿಶ್ ಕೆಲಸ ಮುಗಿಸುತ್ತೇನೆ, ಮಲಗಿದಾಗ ಪಕ್ಕದಲ್ಲೇ ಕೂತು ಅವನ ಉಸಿರು ಕೇಳುತ್ತೇನೆ. "ನೋಡಿ ನೋಡಿ ಸವೆಸಿಬಿಡ್ತೀಯ" ಎನ್ನುತ್ತಾರೆ. ಸವೆಯುವುದೆಲ್ಲಿ, ಪ್ರತಿ ಭಾನುವಾರ ಅಳತೆಪಟ್ಟಿ ಹಿಡಿದು ಅಳೆದು, "ಮುಕ್ಕಾಲು ಇಂಚಾದ" ಎಂದು ಬೀದಿಗೆಲ್ಲ ಸಾರುವವರು ಅವರೇ.

ಪಕ್ಕದ ಬೀದಿಯ ಹಾಸಿಗೆ ಹೊಲಿಯುವವರಿಗೂ ಇಂಥ ಬಾಗಿಲು ಬೇಕಂತೆ. ಅವರಿಗೆ ಚಾವಣಿ ಸಾಮಾನು ಆರಿಸಿಕೊಡಲು ನಾನೇ ಹೋಗಿದ್ದೆ. ಅಂಗಡಿಯವನು ನನ್ನನ್ನು ಕಂಡೊಡನೆ ತಾನಾಗಿಯೇ ತಗಡು ಎತ್ತಿಕೊಂಡು ಬಯಲಿಗೆ ನಡೆದ.

ಈಗ ಮುಖ್ಯ ಸಂಗತಿ. ನೆಲ ಗುಡಿಸಿ ಆದ ಮೇಲೆ ಸಂಜೆ ಇವನನ್ನು ಮೆಟ್ಟಿಲ ಬುಡದಲ್ಲಿ, ಬಾಗಿಲಿನ ಈಚೆ ಕೂರಿಸಿಕೊಂಡಿರುತ್ತೇನೆ. ನಿನ್ನೆ ಅಂಬೆಗಾಲಿಟ್ಟು ಬಾಗಿಲ ತನಕ ಹೋದ. ಎರಡೂ ಕೈ ಊರಿ, ಮೇಲಕ್ಕೆ ಸರಿಸಿ ಸರಿಸಿ, ಎದ್ದು ನಿಂತುಬಿಟ್ಟ. ನಾನು ಉಸಿರು ಬಿಡಲಿಲ್ಲ, ಹೆದರಿ ಬಿದ್ದಾನೆಂದು. ಬಾಗಿಲನ್ನು ತಳ್ಳಿದ, ಅಲುಗಲಿಲ್ಲ. ಸಿಟ್ಟು ಬಂದು ಟಪಟಪ ಬಡಿದ. ಆಚೆ ಕಾರ್ಖಾನೆಯ ಕಡೆಯಿಂದ ಇವರು ಬೆರಳಿನಲ್ಲಿ ಟಕಟಕ ಎಂದರು. ಇವನು ಕಿವಿಗೊಟ್ಟು ಕೇಳಿ ಮತ್ತೆ ಬಡಿದ. ಅವರು ಮತ್ತೆ. ಬಹಳ ಹೊತ್ತು ತಾತ ಮೊಮ್ಮಗ ಹಾಗೆಯೇ ಮಾತಾಡಿಕೊಂಡರು, ನಡುವೆ ಅಷ್ಟು ದಪ್ಪ ಮರ. ನೀನಿದ್ದಿದ್ದರೆ ಎನಿಸಿತು. ಅದಕ್ಕೇ ಒಂದನ್ನೂ ಬಿಡದೆ ಬರೆದಿದ್ದೇನೆ.

ನಿನ್ನೆ ಅಲುಗಲಿಲ್ಲ, ಇನ್ನು ಸ್ವಲ್ಪ ದಿನಕ್ಕೆ ತಳ್ಳಿಯೇ ತಳ್ಳುತ್ತಾನೆ. ಬಾಗಿಲು ಮುಚ್ಚಿಸುವ ತೋಳಿನ ಬಿಗಿಯನ್ನು ನೀನು ಬಂದಾಗ ನಿನ್ನ ಕೆಲಸದ ಪುಸ್ತಕ ನೋಡಿಯೇ ತಿರುಗಿಸಿಟ್ಟೆ, ಸರಿ. ಆದರೆ ಆ ಪುಸ್ತಕದಲ್ಲಿ ದೊಡ್ಡವರು ತಳ್ಳುವ ಲೆಕ್ಕವಿರುತ್ತದೆ, ಹನ್ನೊಂದು ತಿಂಗಳಿನವರದ್ದು ಇದೆಯೋ? ಬಾಗಿಲು ಪೂರ್ತಿ ಮುಚ್ಚಲೂ ಬೇಕು, ಇವನ ಬೆರಳೂ ಉಳಿಯಬೇಕು. ದಯವಿಟ್ಟು ಅದೊಂದನ್ನು ಇನ್ನೊಂದು ಸಲ ನೋಡಿ ಬರೆ.

ನಿನ್ನ
ಅಮ್ಮ